519.60 ಮೀಟರ್ ಮತ್ತು ಐದು ಪೇಟೆ: ಬಾಗಲಕೋಟೆಯವರು ಹೇಳುವ ಬಾಗಲಕೋಟೆ

ಮಳೆಗಾಲ ಬಂತೆಂದರೆ ಜಿಲ್ಲೆಯಲ್ಲಿ ಸುದ್ದಿ ಮಾಡುವ ನಮಗೆ ಬೆಳಗ್ಗೆ ಒಂದು ಕೆಲಸ ಖಾಯಂ. ಆಲಮಟ್ಟಿ ಜಲಾಶಯದ ನೀರಿನ ಮಟ್ಟ ಕೇಳಿ ಬರೆದುಕೊಂಡು ಕಳಿಸುವುದು. ಗರಿಷ್ಠ ಮಟ್ಟ 519.60 ಮೀಟರ್. ಇಂದಿನ ಮಟ್ಟ ಇಷ್ಟು. ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು ಕ್ಯುಸೆಕ್. ಒಟ್ಟು ನಾಲ್ಕು ಸಾಲು. ಪತ್ರಿಕೆಯಲ್ಲಿ ಅದಕ್ಕೊಂದು ಪುಟ್ಟ ಚೌಕಟ್ಟು ಇರುತ್ತದೆ. ರೈತರು ಮೊದಲು ಓದುವುದು ಅದನ್ನೇ.

ವರ್ಷಗಟ್ಟಲೆ ಆ ಚೌಕಟ್ಟು ತುಂಬಿಸಿದ ಮೇಲೆ ಒಂದು ಸಂಗತಿ ನಮ್ಮ ತಲೆಗೆ ಹೋಯಿತು. ನೀರು ಹೇಗಿದೆ ಎಂದು ದಿನಾ ಬರೆದೆವು. ಆ ನೀರಿನ ಪಕ್ಕದಲ್ಲಿ ಬದುಕುವವರಿಗೆ ಊರು ಹೇಗಿದೆ ಎಂದು ಕೇಳಿದ್ದು ಹೊಳೆ ಉಕ್ಕಿದಾಗ ಮಾತ್ರ. ಆಗಲೂ ಕೇಳುವುದು ಒಂದೇ ಪ್ರಶ್ನೆ: ಪರಿಹಾರ ಬಂತೋ ಇಲ್ಲವೋ?

ಹಾಗಾಗಿ ಈ ಸಲ ಬಾಗಲಕೋಟೆಯಲ್ಲಿ ಬೇರೆ ಪ್ರಶ್ನೆ ಹಿಡಿದುಕೊಂಡು ಓಡಾಡಿದೆವು. "ನಿಮ್ಮೂರು ಹೆಂಗೈತ್ರಿ?" ಅಷ್ಟೇ.

ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಹಿರಿಯರು ತಿರುಗಿ ನಮ್ಮನ್ನೇ ಕೇಳಿದರು: "ಯಾವೂರು ತಮ್ಮಾ? ನೀರಾಗಿಂದೋ, ದಂಡಿ ಮ್ಯಾಲಿಂದೋ, ಸೆಕ್ಟರ್‌ದಾಗಿಂದೋ?"

ಆ ಒಂದು ಮಾತಿನಲ್ಲಿ ಬಾಗಲಕೋಟೆಯ ಅರವತ್ತು ವರ್ಷದ ಚರಿತ್ರೆ ಇದೆ. ಅದನ್ನು ಬಿಡಿಸಿ ಹೇಳುವುದೇ ಈ ಬರಹದ ಕೆಲಸ.

ಊರು ಬೆಳೆದ ಬಗೆ

ಬಾಗಲಕೋಟೆ ಘಟಪ್ರಭೆಯ ದಂಡೆಯ ಊರು. ಹಳೆಯ ಶಾಸನಗಳಲ್ಲಿ ಇದರ ಹೆಸರು ಬಾಗಡಗೆ. ಹೆಸರಿನ ಬಗ್ಗೆ ಊರವರ ಬಾಯಲ್ಲಿ ಕಥೆಗಳು ಬೇಕಾದಷ್ಟಿವೆ. ರಾವಣನು ತನ್ನ ಬಜಂತ್ರಿಯವರಿಗೆ ಕೊಟ್ಟ ಊರು ಎಂದು ಕೆಲವರು ಹೇಳುತ್ತಾರೆ. ವಿಜಾಪುರದ ಬಾದಶಹ ಮಗಳಿಗೆ ಬಳೆ ಇಡಿಸಿಕೊಳ್ಳಲು ಉಂಬಳಿ ಕೊಟ್ಟ ಊರು ಎಂದು ಇನ್ನು ಕೆಲವರು ಹೇಳುತ್ತಾರೆ. ಕಥೆ ಯಾವುದೇ ಇರಲಿ, ಈ ಸೀಮೆ ಚಾಲುಕ್ಯರನ್ನು ಕಂಡಿದೆ, ವಿಜಯನಗರವನ್ನು ಕಂಡಿದೆ, ಆದಿಲ್‌ಶಾಹಿಗಳನ್ನು, ಸವಣೂರು ನವಾಬರನ್ನು, ಪೇಶ್ವೆಗಳನ್ನು ಕಂಡಿದೆ. 1818ರಲ್ಲಿ ಬ್ರಿಟಿಷರ ಕೈಗೆ ಹೋಯಿತು. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವವರೆಗೆ ಮುಂಬೈ ಪ್ರಾಂತ್ಯದಲ್ಲಿತ್ತು.

ಹತ್ತಿರದ ಕಲಾದಗಿ ಆಗ ಜಿಲ್ಲಾ ಕೇಂದ್ರವಾಗಿತ್ತು. 1885ರಲ್ಲಿ ಆ ಕಚೇರಿಗಳು ವಿಜಾಪುರಕ್ಕೆ ಹೋದವು. ಕಚೇರಿ ಹೋದ ಮೇಲೆ ಊರು ಹೇಗೆ ಸಪ್ಪಗಾಗುತ್ತದೆ ಎನ್ನುವುದನ್ನು ಈ ಸೀಮೆಯವರು ಆಗಲೇ ಕಣ್ಣಾರೆ ಕಂಡವರು. ಅದೇ 1880ರ ದಶಕದಲ್ಲಿ ಗದಗ–ಹೊಟಗಿ ರೈಲು ಮಾರ್ಗ ಬಾಗಲಕೋಟೆಯ ಮೇಲೆ ಹಾದುಹೋಯಿತು. ಕಲಾದಗಿ ಕುಗ್ಗಿತು, ಬಾಗಲಕೋಟೆಯ ವ್ಯಾಪಾರ ಬೆಳೆಯಿತು. ಹತ್ತಿ, ಕಾಳು, ಕೈಮಗ್ಗದ ಸೀರೆ, ಸುಣ್ಣದ ಕಲ್ಲು ಊರಿನ ಹೆಸರು ಹೊತ್ತು ಹೊರಗೆ ಹೋದವು. 1906ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. ಮುಂದೆ ಊರ ಪಕ್ಕದ ಗುಡ್ಡದ ಮೇಲೆ ಅದರ ಕಾಲೇಜುಗಳು ಎದ್ದವು. ಆ ಭಾಗವೇ ವಿದ್ಯಾಗಿರಿ.

ಇದು ಪುಸ್ತಕದಲ್ಲಿ ಸಿಗುವ ಚರಿತ್ರೆ. ಊರವರನ್ನು ಕೇಳಿದರೆ ಯಾರೂ ಪೇಶ್ವೆಯವರಿಂದ ಶುರು ಮಾಡುವುದಿಲ್ಲ. ಪೇಟೆಗಳಿಂದ ಶುರು ಮಾಡುತ್ತಾರೆ. ಕಿಲ್ಲಾ, ಹಳೇಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ಐದು ಬೆರಳು ಮಡಚಿ ಹೇಳುತ್ತಾರೆ. ಆಮೇಲೆ ತಮ್ಮ ಪೇಟೆಯೊಳಗೆ ತಮ್ಮ ಓಣಿ, ಓಣಿಯೊಳಗೆ ಕಟ್ಟೆ, ಕಟ್ಟೆಯ ಎದುರು ಯಾರ ಮನೆ, ಆ ಮನೆಯ ಹಿತ್ತಲಿಗೆ ಹತ್ತಿ ಯಾರ ಮನೆ. "ನಮ್ಮ ಮಾಳಗಿ ಮ್ಯಾಲೆ ಹತ್ತಿದ್ರ ಓಣಿ ತುದೀತನಕ ಕಾಲು ನೆಲಕ್ಕ ಇಡದಂಗ ಹೋಗ್ತಿದ್ವಿ" ಎಂದು ಒಬ್ಬರು ಹೇಳಿದರು. ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತಿದ್ದವು. ಬೇಸಿಗೆಯಲ್ಲಿ ಇಡೀ ಓಣಿ ಮಾಳಿಗೆಯ ಮೇಲೆಯೇ ಮಲಗುತ್ತಿತ್ತು. ಹಪ್ಪಳ, ಶಾವಿಗೆ ಒಣಗುತ್ತಿದ್ದುದೂ ಅಲ್ಲೇ.

ಊರು ಹೇಗಿದೆ ಎಂದು ಕೇಳಿದರೆ ಜನ ಕಟ್ಟಡದ ಹೆಸರು ಹೇಳುವುದಿಲ್ಲ, ದೂರ ಹೇಳುತ್ತಾರೆ. ಹೊಳೆಗೆ ಎಷ್ಟು ಹೆಜ್ಜೆ, ತವರಿಗೆ ಎಷ್ಟು ಹೊತ್ತು, ಕೂಗಿದರೆ ಯಾರ ಮನೆಗೆ ಕೇಳಿಸುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಗೆರೆ ಬಿದ್ದ ಬಗೆ

1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ಆ ಜಲಾಶಯಕ್ಕೆ ಅವರದೇ ಹೆಸರಿದೆ. ಅವತ್ತು ಹುಟ್ಟಿದ ಮಗು ಇವತ್ತು ಅರವತ್ತು ದಾಟಿದೆ. ಯೋಜನೆ ಇನ್ನೂ ಮುಗಿದಿಲ್ಲ.

ತಡವಾಗಲು ಮುಖ್ಯ ಕಾರಣ, ಕೃಷ್ಣೆ ಒಂದೇ ರಾಜ್ಯದ ನದಿಯಲ್ಲ. ಮಹಾರಾಷ್ಟ್ರದಲ್ಲಿ ಹುಟ್ಟಿ, ಕರ್ನಾಟಕ ದಾಟಿ, ತೆಲಂಗಾಣ ಮತ್ತು ಆಂಧ್ರಕ್ಕೆ ಹೋಗುತ್ತದೆ. ಯಾರಿಗೆ ಎಷ್ಟು ನೀರು ಎಂಬುದನ್ನು ತೀರ್ಮಾನಿಸಲು 1969ರಲ್ಲಿ ಬಚಾವತ್ ನ್ಯಾಯಮಂಡಳಿ ಬಂತು. 1973ರಲ್ಲಿ ತೀರ್ಪು ಕೊಟ್ಟಿತು. ಅಣೆಕಟ್ಟಿನ ಎತ್ತರದ ಜಗಳ ಮಾತ್ರ ನಿಲ್ಲಲಿಲ್ಲ. ಕೊನೆಗೆ 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. ನಾವು ದಿನಾ ಬರೆಯುವ ಆ ಸಂಖ್ಯೆ ಹುಟ್ಟಿದ್ದು ಹೀಗೆ. ಆ ಮಟ್ಟಕ್ಕೆ ಜಲಾಶಯದಲ್ಲಿ ಸುಮಾರು 123 ಟಿಎಂಸಿ ಅಡಿ ನೀರು ನಿಲ್ಲುತ್ತದೆ. 26 ಗೇಟುಗಳ ಈ ಅಣೆಕಟ್ಟನ್ನು 2006ರ ಆಗಸ್ಟ್‌ನಲ್ಲಿ ಆಗಿನ ರಾಷ್ಟ್ರಪತಿ ಅಬ್ದುಲ್ ಕಲಾಂ ದೇಶಕ್ಕೆ ಅರ್ಪಿಸಿದರು.

ಮೀಟರ್ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬಹಳ ಮಂದಿಗೆ ಇದು ಗೊಂದಲ. 519.6 ಮೀಟರ್ ಎಂದರೆ ಅಣೆಕಟ್ಟಿನ ಎತ್ತರ ಅಲ್ಲ. ಸಮುದ್ರ ಮಟ್ಟದಿಂದ ಅಳೆದ ಎತ್ತರ. ನೀರು ಸಮತಟ್ಟಾಗಿ ನಿಲ್ಲುತ್ತದೆ. ಹಾಗಾಗಿ ಆ ಎತ್ತರದ ಗೆರೆಯನ್ನು ಆಲಮಟ್ಟಿಯಿಂದ ಹಿಂದಕ್ಕೆ ಎಳೆಯುತ್ತ ಬಂದರೆ, ಅದಕ್ಕಿಂತ ತಗ್ಗಿನಲ್ಲಿರುವ ಹೊಲ, ಮನೆ, ಬಾವಿ, ಗುಡಿ, ಸ್ಮಶಾನ ಎಲ್ಲಾ ನೀರಿನೊಳಗೆ. ಕೃಷ್ಣೆಯಲ್ಲಿ ನಿಂತ ನೀರು ಘಟಪ್ರಭೆಯ ಪಾತ್ರದಲ್ಲೂ ಹಿಂದಕ್ಕೆ ಏರುತ್ತದೆ. ಬಾಗಲಕೋಟೆ ಮುಳುಗಿದ್ದು ಈ ಹಿನ್ನೀರಿನಿಂದ. ಹೊಳೆಗೆ ಹತ್ತಿರದ ತಗ್ಗಿನ ಓಣಿಗಳು ಗೆರೆಯ ಕೆಳಗೆ ಬಿದ್ದವು, ಎತ್ತರದ ಓಣಿಗಳು ಮೇಲೆ ಉಳಿದವು.

ಗೆರೆಗೆ ಪೇಟೆ ಗೊತ್ತಿಲ್ಲ, ಓಣಿ ಗೊತ್ತಿಲ್ಲ. ಒಂದೇ ಓಣಿಯ ಈ ತುದಿ ಮುಳುಗಡೆ, ಆ ತುದಿ ಅಲ್ಲ. ಅಣ್ಣನ ಮನೆ ಹೋಯಿತು, ತಮ್ಮನ ಮನೆ ಉಳಿಯಿತು. ಯಾರಿಗೆ ಒಳ್ಳೆಯದಾಯಿತು ಎಂದು ಇವತ್ತಿಗೂ ಆ ಮನೆಗಳಲ್ಲಿ ಮಾತು ಬಗೆಹರಿದಿಲ್ಲ.

ಉತಾರದಲ್ಲಿ ಬಂದದ್ದು, ಬಾರದ್ದು

ಮುಳುಗಡೆ ಎಂದರೆ ಒಂದು ದಿನ ನೀರು ಬಂದು ಎಲ್ಲರೂ ಓಡಿದ್ದು ಎಂದು ಹೊರಗಿನವರು ತಿಳಿದಿರುತ್ತಾರೆ. ಹಾಗಲ್ಲ. ಮೊದಲು ಬರುವುದು ನೀರಲ್ಲ, ನೋಟಿಸು. 1894ರ ಭೂಸ್ವಾಧೀನ ಕಾಯ್ದೆಯ 4ನೇ ಕಲಮಿನ ಅಧಿಸೂಚನೆ. ಆಮೇಲೆ ಅಳತೆಯವರು ಟೇಪು ಹಿಡಿದು ಬರುತ್ತಾರೆ. ಪಂಚನಾಮೆ ಆಗುತ್ತದೆ. ಗೋಡೆ ಕಲ್ಲಿನದೋ ಮಣ್ಣಿನದೋ, ತೊಲೆ ಸಾಗವಾನಿಯೋ ಜಾಲಿಯೋ, ಎಷ್ಟು ಬಾಗಿಲು, ಎಷ್ಟು ಕಿಟಕಿ, ಹಿತ್ತಲಲ್ಲಿ ಬೇವು ಇದೆಯೋ ತೆಂಗು ಇದೆಯೋ. ಕೊನೆಗೆ ಐತೀರ್ಪು, ಜನರ ಬಾಯಲ್ಲಿ ಅವಾರ್ಡು. ರೊಕ್ಕ ಕಡಿಮೆ ಅನ್ನಿಸಿದರೆ 18ನೇ ಕಲಮಿನ ಕೆಳಗೆ ಕೋರ್ಟಿಗೆ ಹೋಗಬಹುದಿತ್ತು. ಹೋದವರು ಸಾವಿರಾರು ಮಂದಿ. ತಂದೆ ಹಾಕಿದ ಕೇಸಿನ ಹೆಚ್ಚುವರಿ ಪರಿಹಾರವನ್ನು ಮಗ ಪಡೆದ ಮನೆಗಳು ಈ ಸೀಮೆಯಲ್ಲಿ ಬಹಳ.

ಉತಾರ ಯಾರ ಹೆಸರಿನಲ್ಲಿದೆಯೋ ರೊಕ್ಕ ಅವರಿಗೆ. ಇದು ಕಾನೂನು. ಆದರೆ ಮನೆಯ ಉತಾರ ಅಜ್ಜನ ಹೆಸರಿನಲ್ಲೇ ಉಳಿದಿತ್ತು, ವಾಟ್ನಿ ಬಾಯಿಮಾತಿನಲ್ಲೇ ಆಗಿತ್ತು. ರೊಕ್ಕ ಬರುತ್ತದೆ ಎಂದಾಗ ಒಟ್ಟಿಗೆ ಉಣ್ಣುತ್ತಿದ್ದ ಅಣ್ಣತಮ್ಮಂದಿರು ವಕೀಲರ ಬಾಗಿಲಲ್ಲಿ ಎದುರು ಬದುರಾದರು. ಹೆಣ್ಣುಮಕ್ಕಳ ಹೆಸರು ಎಷ್ಟೋ ಉತಾರಗಳಲ್ಲಿ ಇರಲೇ ಇಲ್ಲ.

ಕಟ್ಟೆ ಯಾರ ಉತಾರದಲ್ಲೂ ಇರಲಿಲ್ಲ. ಸಂಜೆ ಐದಕ್ಕೆ ಹೆಂಗಸರು ಸೇರುತ್ತಿದ್ದ ಬಾವಿಯ ದಂಡೆ ಯಾರ ಪಂಚನಾಮೆಯಲ್ಲೂ ಬರಲಿಲ್ಲ. ಮಗ್ಗ ಬರಬಹುದು, ಮಗ್ಗದವನಿಗೆ ಸಾಲ ಕೊಡುತ್ತಿದ್ದ ಪಕ್ಕದ ಅಂಗಡಿಯ ನಂಬಿಕೆ ಬರುವುದಿಲ್ಲ. "ನಮ್ಮ ಓಣ್ಯಾಗ ರೊಕ್ಕ ಇಲ್ದಾನೂ ಹದಿನೈದು ದಿನ ಉಂಡೇವಿ. ಅದನ್ನ ಯಾವ ಸಾಹೇಬ ಅಳೀತಾನ್ರಿ?" ಎಂದು ಹಳೇ ನೇಕಾರರೊಬ್ಬರು ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ.

ದೂರದ ಲೆಕ್ಕದಲ್ಲಿ ಜನ ಊರನ್ನು ಹೇಳುತ್ತಾರೆ ಎಂದೆವಲ್ಲ, ಮಾತು ಬಂದು ನಿಲ್ಲುವುದು ಇಲ್ಲಿ. ಸರಕಾರ ಗೋಡೆಯ ದಪ್ಪ ಅಳೆಯಿತು. ಒಂದು ಗೋಡೆಗೂ ಇನ್ನೊಂದು ಗೋಡೆಗೂ ನಡುವೆ ಇದ್ದದ್ದನ್ನು ಅಳೆಯುವ ಟೇಪು ಅದರ ಕೈಯಲ್ಲಿ ಇರಲಿಲ್ಲ.

ನವನಗರ

ಹೊಸ ಊರು ಕಟ್ಟಲು 1983ರ ಕಾಯ್ದೆಯೊಂದರ ಮೂಲಕ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಆಯಿತು. ಊರಲ್ಲಿ ಇದನ್ನು ಬಿಟಿಡಿಎ ಎನ್ನುತ್ತಾರೆ. ಹೊಸ ಊರಿನ ನಕ್ಷೆ ಹಾಕಿದವರು ದೇಶದ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ನವಿ ಮುಂಬೈ ಕಲ್ಪನೆಯ ಹಿಂದೆ ಇದ್ದವರೂ ಅವರೇ. ಬಿಸಿಲಿನ ನಾಡಿನಲ್ಲಿ ಮನೆಯೆಂದರೆ ನಾಲ್ಕು ಗೋಡೆ ಅಷ್ಟೇ ಅಲ್ಲ, ಅಂಗಳವೂ ಮಾಳಿಗೆಯೂ ತೆರೆದ ಬಯಲೂ ಮನೆಯೇ ಎನ್ನುವುದು ಅವರು ಜೀವಮಾನವೆಲ್ಲಾ ಹೇಳಿದ ಮಾತು. ಅವರ ನಕ್ಷೆಯಲ್ಲಿ ಇದ್ದದ್ದೆಲ್ಲಾ ನೆಲದ ಮೇಲೆ ಬಂತೋ ಇಲ್ಲವೋ ಅದು ಬೇರೆ ಚರ್ಚೆ. ಆದರೆ ಒಂದು ಊರನ್ನು ಎಬ್ಬಿಸಿ ಇನ್ನೊಂದು ಕಡೆ ಕೂರಿಸುವಾಗ ಇಂಥವರೊಬ್ಬರನ್ನು ಕರೆಸಿದ್ದರು ಎನ್ನುವುದು ನಮ್ಮ ಹುಡುಗರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ.

1997ರಲ್ಲಿ ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆಯಾಯಿತು. ಜಿಲ್ಲಾ ಕಚೇರಿಗಳು ನವನಗರಕ್ಕೆ ಬಂದವು. 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಬಂತು. 2011ರ ಜನಗಣತಿ ಹೊತ್ತಿಗೆ ಹಳೇ ಊರು, ವಿದ್ಯಾಗಿರಿ, ನವನಗರ ಎಲ್ಲಾ ಸೇರಿ ನಗರದ ಜನಸಂಖ್ಯೆ 1 ಲಕ್ಷ 11 ಸಾವಿರ ದಾಟಿತ್ತು.

ನವನಗರದವರನ್ನು ಊರು ಹೇಗಿದೆ ಎಂದು ಕೇಳಿದರೆ ದೂರು ಮಾತ್ರ ಬರುತ್ತದೆ ಎಂದುಕೊಂಡು ಹೋಗಿದ್ದೆವು. ಹಾಗೆ ಆಗಲಿಲ್ಲ.

ರಸ್ತೆ ಅಗಲ ಇದೆ. ಮಳೆಗಾಲದಲ್ಲಿ ಮನೆಯೊಳಗೆ ಹೊಳೆ ಬರುವುದಿಲ್ಲ. ಮನೆಗೊಂದು ಶೌಚಾಲಯ ಇದೆ. ಹೆಣ್ಣುಮಕ್ಕಳು ಸೈಕಲ್ ಹತ್ತಿ ಕಾಲೇಜಿಗೆ ಹೋಗುತ್ತಾರೆ. ಆಸ್ಪತ್ರೆ, ಕೋರ್ಟು, ಡಿಸಿ ಆಫೀಸು ಎಲ್ಲಾ ಹತ್ತಿರ. ಒಬ್ಬ ಅವ್ವ ನೇರವಾಗಿ ಹೇಳಿದರು: "ಹಳೇ ಊರು ಚಲೋ ಇತ್ತು ಅಂತ ಗಂಡಸರು ಹೇಳ್ತಾರ. ಹೊಳಿಯಿಂದ ನೀರು ಹೊತ್ತಾವರು ನಾವು." ಈ ಮಾತನ್ನು ಬಿಟ್ಟು ಬರೆದರೆ ಚರಿತ್ರೆ ಸುಳ್ಳಾಗುತ್ತದೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ನಮ್ಮ ಕಡೆ ಓಣಿ ಎಂದರೆ ಜಾತಿಯೂ ಹೌದು. ಯಾವ ಓಣಿಯವನು ಎಂದು ಕೇಳಿದರೆ ಯಾವ ಜಾತಿ ಎಂದು ಕೇಳಿದ ಹಾಗೆಯೇ. ಸೆಕ್ಟರ್ ನಂಬರಿಗೆ ಜಾತಿ ಅಂಟಿಕೊಳ್ಳಲು ಹೊತ್ತು ಹಿಡಿಯುತ್ತದೆ. ನವನಗರದಲ್ಲಿ ವಿಳಾಸ ಕೊಡುವಾಗ ತಲೆ ತಗ್ಗಿಸಬೇಕಾಗಿಲ್ಲ ಎಂದು ಒಬ್ಬ ಯುವಕ ನಮಗೆ ಹೇಳಿದ. ಕಟ್ಟೆ ಹೋಯಿತು ಎಂದು ಅಳುವ ಮುಂಚೆ ಆ ಕಟ್ಟೆಯ ಮೇಲೆ ಯಾರಿಗೆ ಕೂರಲು ಬಿಡುತ್ತಿದ್ದರು, ಯಾರಿಗೆ ಬಿಡುತ್ತಿರಲಿಲ್ಲ ಎಂದೂ ಕೇಳಿಕೊಳ್ಳಬೇಕು.

ಇಷ್ಟಾದರೂ ಒಂದು ಸಣ್ಣ ಸಂಗತಿ ನಮ್ಮನ್ನು ಹಿಡಿದು ನಿಲ್ಲಿಸಿತು. ನವನಗರದಲ್ಲಿ ಇಪ್ಪತ್ತು ವರ್ಷ ಕಳೆದವರೂ ಸಂತೆಗೆ, ಬಂಗಾರದ ಅಂಗಡಿಗೆ, ಗುಡಿಗೆ ಹಳೇ ಬಾಗಲಕೋಟೆಗೆ ಹೊರಟರೆ ಹೇಳುವುದು "ಊರಾಗ ಹೋಗಿ ಬರ್ತೇನಿ" ಎಂದೇ. ಇರುವುದು ಸೆಕ್ಟರ್‌ನಲ್ಲಿ, ಊರು ಮಾತ್ರ ಅಲ್ಲಿ. ವಿಳಾಸಕ್ಕೆ ಯುನಿಟ್ ಒಂದು, ಯುನಿಟ್ ಎರಡು, ಸೆಕ್ಟರ್ ಇಷ್ಟು, ಪ್ಲಾಟ್ ಇಷ್ಟು. ಪೋಸ್ಟ್‌ಮನ್‌ಗೆ ಅನುಕೂಲ. ಆದರೆ ಮುಪ್ಪಾದವರಿಗೆ ತಮ್ಮ ಮನೆಯ ಸೆಕ್ಟರ್ ನಂಬರ್ ನೆನಪಿರುವುದಿಲ್ಲ. ಆಟೋದವರಿಗೆ ಮಗನ ಹೆಸರು ಹೇಳುತ್ತಾರೆ. ಹಳೇ ಊರಿನಲ್ಲಿ ಅಷ್ಟು ಸಾಕಾಗುತ್ತಿತ್ತು.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ತಗ್ಗಿನ ನೆಲ ಹೊರಬರುತ್ತದೆ. ಮನೆ ಖಾಲಿ ಮಾಡುವಾಗ ಬಾಗಿಲು, ಚೌಕಟ್ಟು, ತೊಲೆ, ಜಂತಿ ಬಿಚ್ಚಿಕೊಂಡು ಹೋಗಿದ್ದರಿಂದ ಉಳಿದಿರುವುದು ಅಡಿಪಾಯದ ಕಲ್ಲು, ಎಲ್ಲೋ ಒಂದು ಒರಳು, ಬಾವಿಯ ಬಳೆ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ "ಇದು ಪಡಸಾಲಿ, ಇಲ್ಲಿ ನಿಮ್ಮಪ್ಪ ಹುಟ್ಟಿದ್ದು" ಎಂದು ತೋರಿಸುವವರು ಇದ್ದಾರೆ. ಮೊಮ್ಮಕ್ಕಳಿಗೆ ಕಾಣುವುದು ಬಿರುಕು ಬಿಟ್ಟ ಎರೆಮಣ್ಣು.

ಮೂರು ದಿನ ಊರು ಕೂಡುತ್ತದೆ

ಹೀಗೆ ಚದುರಿದ ಊರು ವರ್ಷಕ್ಕೊಮ್ಮೆ ತಾನೇ ತಾನಾಗಿ ಕೂಡುತ್ತದೆ. ಅದು ಹೋಳಿಯಲ್ಲಿ.

ಕೋಲ್ಕತ್ತ ಬಿಟ್ಟರೆ ಹೋಳಿಗೆ ಬಾಗಲಕೋಟೆಯೇ ಎನ್ನುವುದು ಊರವರ ಹೆಮ್ಮೆ. ಆ ಹೆಮ್ಮೆಗೆ ಲೆಕ್ಕಪತ್ರ ಕೇಳಬಾರದು. ಹಬ್ಬದ ವಾರಗಟ್ಟಲೆ ಮೊದಲೇ ಸಂಜೆಯಾದರೆ ಹಲಗೆಯ ಸದ್ದು ಶುರುವಾಗುತ್ತದೆ. ಕಾಮನ ಸುಟ್ಟ ಮೇಲೆ ಮೂರು ದಿನ ಬಣ್ಣ. ಬಣ್ಣದ ನೀರು ತುಂಬಿದ ಬ್ಯಾರೆಲ್‌ಗಳನ್ನು ಬಂಡಿಯ ಮೇಲೆ ಹೇರಿಕೊಂಡು ಒಂದು ಪೇಟೆಯವರು ಇನ್ನೊಂದು ಪೇಟೆಯವರ ಮೇಲೆ ಏರಿ ಹೋಗುತ್ತಾರೆ. ಮೊದಲು ಎತ್ತಿನ ಬಂಡಿ, ಈಗ ಟ್ರಾಕ್ಟರ್. ಯಾವ ದಿನ ಯಾವ ಪೇಟೆ, ಯಾರ ಹಲಗೆ ಮುಂದೆ, ಯಾರ ಮನೆತನಕ್ಕೆ ಯಾವ ಮಾನ, ಎಲ್ಲದಕ್ಕೂ ಹಿಂದಿನಿಂದ ಬಂದ ಕ್ರಮ ಇದೆ.

ಇಲ್ಲಿ ಗಮನಿಸಬೇಕಾದದ್ದು ಒಂದು. ಹೋಳಿ ನಡೆಯುವುದು ಪೇಟೆಗಳ ಲೆಕ್ಕದಲ್ಲಿ, ಸೆಕ್ಟರ್‌ಗಳ ಲೆಕ್ಕದಲ್ಲಿ ಅಲ್ಲ. ಮನೆ ನೀರಿನೊಳಗೆ ಹೋದವನೂ ನವನಗರದಿಂದ ಬಂದು ತನ್ನ ಪೇಟೆಯ ಬಂಡಿಯನ್ನೇ ಹತ್ತುತ್ತಾನೆ. ಅವನ ಮಗ ಹುಟ್ಟಿದ್ದು ಸೆಕ್ಟರ್‌ನಲ್ಲಿ, ಹಲಗೆ ಹಿಡಿಯುವುದು ಹಳೇಪೇಟೆಯ ಹೆಸರಿನಲ್ಲಿ. ಮೂರು ದಿನದ ಮಟ್ಟಿಗೆ ಗೆರೆ ಅಳಿಸಿ ಐದು ಪೇಟೆ ಮತ್ತೆ ಎದ್ದು ನಿಲ್ಲುತ್ತವೆ. ನಾಲ್ಕನೇ ದಿನ ಎಲ್ಲರೂ ಮೈಯ ಬಣ್ಣ ತಿಕ್ಕುತ್ತ ತಮ್ಮ ತಮ್ಮ ಯುನಿಟ್‌ಗೆ ಹೋಗುತ್ತಾರೆ.

ಉಳಿಸಿಕೊಂಡದ್ದೂ ಇದೆ

ಉಳಿಸಬೇಕು ಎಂದು ಮನಸ್ಸು ಮಾಡಿದರೆ ಉಳಿಸಬಹುದು ಎನ್ನುವುದಕ್ಕೆ ಇದೇ ಜಿಲ್ಲೆಯಲ್ಲಿ ಉದಾಹರಣೆ ಇದೆ. ಕೃಷ್ಣೆ, ಮಲಪ್ರಭೆ ಕೂಡುವ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪದ ಸುತ್ತ ಬಾವಿಯಂತೆ ದುಂಡನೆಯ ಗೋಡೆ ಕಟ್ಟಿದ್ದಾರೆ. ಸುತ್ತ ನೀರು ನಿಂತಿದ್ದರೂ ಸೇತುವೆಯ ಮೇಲೆ ಹೋಗಿ, ಮೆಟ್ಟಿಲು ಇಳಿದು ದರ್ಶನ ಮಾಡಬಹುದು. ಅದು ಆಗಬೇಕಾದ ಕೆಲಸವೇ, ಎಲ್ಲರಿಗೂ ಸಂತೋಷ.

ಊರಿನ ಸುತ್ತ ಹಾಗೆ ಗೋಡೆ ಕಟ್ಟಲು ಆಗುವುದಿಲ್ಲ, ಒಪ್ಪುತ್ತೇವೆ. ಆದರೆ ಊರನ್ನು ಬರೆದಿಡಲು ಆಗುತ್ತಿತ್ತು. ಮುಳುಗುವ ಮುಂಚೆ ಓಣಿ ಓಣಿ ಸುತ್ತಿ, ಮನೆಯವರ ಬಾಯಿಂದಲೇ ಕೇಳಿ, ಫೋಟೋ ತೆಗೆದು, ನಕ್ಷೆ ಹಾಕಿ ಇಡಲು ಆಗುತ್ತಿತ್ತು. ಶರಾವತಿ ಕಣಿವೆಯ ಮುಳುಗಡೆಯನ್ನು ನಾ. ಡಿಸೋಜ ಕಾದಂಬರಿಗಳಲ್ಲಿ ಬರೆದದ್ದರಿಂದ ಆ ಊರುಗಳು ಓದುವವರ ಮನಸ್ಸಿನಲ್ಲಾದರೂ ಉಳಿದವು. ನಮ್ಮ ಕೃಷ್ಣಾ ತೀರದ ಬಹಳಷ್ಟು ಹಳ್ಳಿಗಳಿಗೆ ಉಳಿದಿರುವುದು ಅವಾರ್ಡಿನ ಪ್ರತಿ ಮತ್ತು ಹೆಸರಿನ ಮುಂದೆ ಅಂಟಿಕೊಂಡ 'ಹೊಸ' ಅಥವಾ ಹಿಂದೆ ಅಂಟಿಕೊಂಡ 'ಪುನರ್ವಸತಿ ಕೇಂದ್ರ'. ಅದನ್ನೂ ಈಗ ಆರ್‌ಸಿ ಎಂದು ಮೊಟಕು ಮಾಡಿದ್ದಾರೆ.

ನಡುವೆ ನಿಂತವರು

ಇದೆಲ್ಲಾ ಹಳೇ ಕಥೆ, ಈಗ ಯಾಕೆ ಎಂದು ನೀವು ಕೇಳಬಹುದು. ಹಳೇ ಕಥೆಯಲ್ಲ.

ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಬಹುದು ಎಂದು ಹೇಳಿತು. ಈಗಿನದಕ್ಕಿಂತ 4.656 ಮೀಟರ್, ಅಂದರೆ ಹದಿನೈದು ಅಡಿಗೂ ಸ್ವಲ್ಪ ಹೆಚ್ಚು. ವಿಷಯ ಸುಪ್ರೀಂ ಕೋರ್ಟಿನಲ್ಲಿ ಇರುವುದರಿಂದ ಆ ತೀರ್ಪು ಗೆಜೆಟ್ ಕಾಣದೆ ವರ್ಷಗಳೇ ಕಳೆದವು. ಎತ್ತರ ಏರಿದರೆ ಇನ್ನೂ 20 ಹಳ್ಳಿಗಳು ಮತ್ತು ಬಾಗಲಕೋಟೆ ನಗರದ 11 ವಾರ್ಡುಗಳು ಮುಳುಗಡೆಗೆ ಸೇರುತ್ತವೆ. ಸುಮಾರು 75 ಸಾವಿರ ಎಕರೆ ನೆಲ ಹೋಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಕೊಡಲು ತೀರ್ಮಾನಿಸಿತು.

ಹೊಲದ ಮಾತು ಹೀಗೆ ಬಹಳ ಆಯಿತು. ಆ 11 ವಾರ್ಡುಗಳಲ್ಲಿ ಮತ್ತು ಆ ಹಳ್ಳಿಗಳಲ್ಲಿ ಈಗ ಇರುವುದು ಹೇಗಿದೆ? ಅಲ್ಲಿಯವರು ಹೇಳುವುದನ್ನು ಕೂಡಿಸಿದರೆ ಹೀಗೆ:

ಮಾಳಿಗೆ ಸೋರುತ್ತದೆ, ಆದರೆ ಮುಳುಗಡೆ ಮನೆಗೆ ಯಾರು ರೊಕ್ಕ ಹಾಕುತ್ತಾರೆ? ತಾಡಪಾಲು ಹೊದಿಸಿ ಈ ವರ್ಷ ಕಳೆಯುತ್ತಾರೆ. ಮುಂದಿನ ವರ್ಷವೂ ಅದೇ ತಾಡಪಾಲು. ಮನೆ ಮಾರಬೇಕೆಂದರೆ ಕೊಳ್ಳುವವರು ಇಲ್ಲ. ಸಾಲ ಕೇಳಿದರೆ ಊರಿನ ಹೆಸರು ಕೇಳಿ ಹಿಂದೆ ಸರಿಯುತ್ತಾರೆ. ಹೆಣ್ಣು ಕೇಳಲು ಹೋದರೆ ಬೀಗರು ಮೊದಲು ಕೇಳುವುದು "ನಿಮ್ಮದು ಮುಳುಗಡ್ಯಾಗ ಬರ್ತೈತೇನ್ರಿ?" ಎಂದು. ಬರುತ್ತದೆ ಎಂದರೂ ಕಷ್ಟ, ಇಲ್ಲ ಎಂದರೂ ಕಷ್ಟ. ಬರುತ್ತದೆ ಎಂದರೆ ಮನೆ ಇಲ್ಲ, ಇಲ್ಲ ಎಂದರೆ ರೊಕ್ಕ ಇಲ್ಲ.

ಒಂದು ಊರು ಮುಳುಗುವುದು ದುಃಖ. ಮುಳುಗುತ್ತದೋ ಇಲ್ಲವೋ ಎಂದು ಹದಿನೈದು ವರ್ಷ ಕಾಯುವುದು ಬೇರೆಯದೇ ದುಃಖ. ಮೊದಲನೆಯದನ್ನು ನಾವೆಲ್ಲಾ ಬರೆದಿದ್ದೇವೆ. ಎರಡನೆಯದಕ್ಕೆ ಫೋಟೋ ಸಿಗುವುದಿಲ್ಲ, ಅದಕ್ಕೇ ಬರೆದಿಲ್ಲ.

ಅವರು ಅಣೆಕಟ್ಟು ಬೇಡ ಎನ್ನುತ್ತಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಇದೇ ನೀರು ವಿಜಯಪುರ, ಯಾದಗಿರಿ, ಕಲಬುರಗಿ, ರಾಯಚೂರು ಕಡೆಯ ಹೊಲಗಳಿಗೆ ಹೋಗುತ್ತದೆ ಎಂದು ಅವರಿಗೆ ಗೊತ್ತು. ನಮ್ಮನ್ನು ಓದುವ ಕೆಲವರ ಹೊಲವೂ ಅದರಿಂದಲೇ ಹಸಿರಾಗಿದೆ. "ಯಾರರ ಹೊಲಕ್ಕ ನೀರು ಹೋದ್ರ ಹೋಗ್ಲಿ, ಚಲೋನ. ನಮಗ ತಾರೀಖು ಹೇಳ್ರಿ ಸಾಕು" ಎನ್ನುತ್ತಾರೆ. ಅವರು ಕೇಳುತ್ತಿರುವುದು ಇಷ್ಟೇ, ಒಂದು ತಾರೀಖು.

ಈಗ ಮಾಡಬಹುದಾದದ್ದು

2014ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆ 'ಸಾಮಾಜಿಕ ಪರಿಣಾಮದ ಅಧ್ಯಯನ' ಎನ್ನುವ ಮಾತನ್ನು ಕಾನೂನಿನೊಳಗೆ ತಂದಿತು. ನೆಲ ತೆಗೆದುಕೊಂಡರೆ ಅಲ್ಲಿಯ ಬದುಕಿಗೆ ಏನಾಗುತ್ತದೆ ಎಂದು ನೋಡಬೇಕು ಎನ್ನುವ ವಿಚಾರ ಅದು. 1894ರ ಕಾಯ್ದೆಯಲ್ಲಿ ಇದು ಇರಲಿಲ್ಲ. ಕಚೇರಿಯವರು ಆ ಅಧ್ಯಯನವನ್ನು ಎಷ್ಟು ಆಳವಾಗಿ ಮಾಡುತ್ತಾರೆ ಎನ್ನುವುದನ್ನು ಊರವರೇ ಕೂತು ನೋಡಬೇಕು. ಅವರು ಬಂದು ಕೇಳಿದಾಗ ಹೇಳಲು ನಮ್ಮ ಹತ್ತಿರ ಏನಾದರೂ ಬರೆದಿಟ್ಟದ್ದು ಇರಬೇಕು.

ಹಾಗಾಗಿ ಆ 20 ಹಳ್ಳಿಗಳ, 11 ವಾರ್ಡುಗಳ ಹುಡುಗ ಹುಡುಗಿಯರಿಗೆ ನಮ್ಮದೊಂದು ಮಾತು. ಕೈಯಲ್ಲಿ ಫೋನು ಇದೆ. ಮನೆಯ ಅಜ್ಜ, ಅಜ್ಜಿಯ ಮುಂದೆ ಕುಳಿತು ರೆಕಾರ್ಡ್ ಒತ್ತಿ. ನಿಮ್ಮ ಊರು ಹೇಗಿದೆ ಎಂದು ಕೇಳಿ, ಸುಮ್ಮನಿರಿ. ಅವರು ಹೇಳುತ್ತಾರೆ. ಓಣಿಗಳ ಹೆಸರು ಕೇಳಿ, ಆ ಹೆಸರು ಯಾಕೆ ಬಂತು ಕೇಳಿ. ಬಾವಿಗಳ ಹೆಸರು, ಹೊಲಗಳ ಹೆಸರು, ಯಾವ ಬಾವಿಯ ನೀರು ಯಾರಿಗೆ ಮುಟ್ಟಲು ಬಿಡುತ್ತಿರಲಿಲ್ಲ ಎನ್ನುವುದನ್ನೂ ಕೇಳಿ. ಮದುವೆ ಮೆರವಣಿಗೆ ಯಾವ ದಾರಿಯಲ್ಲಿ ಹೋಗುತ್ತಿತ್ತು, ಹೆಣ ಯಾವ ದಾರಿಯಲ್ಲಿ ಹೋಗುತ್ತಿತ್ತು, ಜಾತ್ರೆಯಲ್ಲಿ ಯಾರ ಮನೆಯ ಮುಂದೆ ತೇರು ನಿಲ್ಲುತ್ತಿತ್ತು ಕೇಳಿ. ಒಂದು ಹಾಳೆಯ ಮೇಲೆ ಓಣಿಯ ನಕ್ಷೆ ಬಿಡಿಸಿ, ಮನೆ ಮನೆಗೂ ಹೆಸರು ಬರೆಯಿರಿ. ಜೊತೆಗೆ ಉತಾರ ತೆಗೆಸಿ, ಯಾರ ಹೆಸರಿನಲ್ಲಿದೆ ನೋಡಿ. ಅಕ್ಕತಂಗಿಯರ ಹೆಸರು ಇದೆಯೋ ಇಲ್ಲವೋ ಈಗಲೇ ನೋಡಿ. ರೊಕ್ಕ ಬಂದ ಮೇಲೆ ನೋಡಿದರೆ ಜಗಳ.

ಕಟ್ಟೆಯ ಮೇಲಿನ ಆ ಹಿರಿಯರ ಹತ್ತಿರ ಹೊರಡುವಾಗ ಮತ್ತೊಮ್ಮೆ ಕೇಳಿದೆವು, ಮೂರರಲ್ಲಿ ನಿಮ್ಮೂರು ಯಾವುದು ಎಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಕರೆದ್ರ ಓ ಅನ್ನಾವ್ರು ಎಲ್ಲಿ ಅದಾರೋ ಅದು."

ನಾಳೆ ಬೆಳಗ್ಗೆ ಮತ್ತೆ ನೀರಿನ ಮಟ್ಟ ಕೇಳಿ ಕಳಿಸಬೇಕು. ಕಳಿಸುತ್ತೇವೆ. ಆದರೆ ಆ ನಾಲ್ಕು ಸಾಲಿನ ಜೊತೆಗೆ ವಾರಕ್ಕೊಂದಾದರೂ ಓಣಿಯ ಕಥೆ ಬರೆಯಬೇಕೆಂದು ಮನಸ್ಸು ಮಾಡಿದ್ದೇವೆ. ಮೊದಲನೆಯದು ಆ ಕಟ್ಟೆಯಿಂದಲೇ.